ಸೆಕೆಂಡ್ ಹ್ಯಾಂಡ್ ಕಾರು ಮತ್ತು ಏರ್‌ಬ್ಯಾಗ್ ರೀಕಾಲ್

ನಮಸ್ಕಾರ್ರೀ. ವಿಜಯಪುರದಲ್ಲಿ 2012ರ ಹೋಂಡಾ ಸಿಟಿ ಕೊಂಡಿದ್ದೀರಿ, ಕಾರು ಸ್ಟಾರ್ಟ್ ಮಾಡಿದ ಮೇಲೆ ಏರ್‌ಬ್ಯಾಗ್ ದೀಪ ಸರಿಯಾಗಿಯೇ ಆರುತ್ತದೆ, ಹಾಗಿದ್ದರೆ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಕಾರುಗಳನ್ನು ವಾಪಸ್ ಕರೆಯುವುದು) ಚಿಂತೆ ಬೇಕಾ ಅಂತ ಕೇಳಿದ್ದೀರಿ.

ಬೇಕು. ಆ ದೀಪ ವೈರು, ಸೆನ್ಸರ್ ಕೆಟ್ಟರೆ ಹೇಳುತ್ತದೆ. ಟಕಾಟಾ ಅನ್ನೋ ಕಂಪನಿ ತಯಾರಿಸಿದ ಏರ್‌ಬ್ಯಾಗಿನ ದೋಷ ಅದರ ಕಣ್ಣಿಗೆ ಬೀಳುವುದಿಲ್ಲ. ಚೀಲ ಉಬ್ಬಿಸುವ ಲೋಹದ ಡಬ್ಬಿಯೊಳಗೆ ಅಮೋನಿಯಂ ನೈಟ್ರೇಟ್ ಇರುತ್ತದೆ. ವರ್ಷಗಟ್ಟಲೆ ತೇವ, ಬಿಸಿ ತಾಗಿ ಅದು ಹದಗೆಡುತ್ತದೆ. ಆಮೇಲೆ ಗುದ್ದಿದಾಗ ವಿಪರೀತ ಜೋರಾಗಿ ಉರಿದು ಡಬ್ಬಿಯೇ ಸಿಡಿಯಬಹುದು, ಚೂರುಗಳು ಮುಖಕ್ಕೆ ಬಡಿಯುತ್ತವೆ. ನಮ್ಮ ಕಡೆ ಕರಾವಳಿಯಷ್ಟು ತೇವ ಇಲ್ಲ, ನಿಜ. ಆದರೆ ಏಪ್ರಿಲ್ ಬಿಸಿಲಲ್ಲಿ ಗೋಳಗುಮ್ಮಟದ ಹೊರಗೆ ನಿಲ್ಲಿಸಿದ ಕಾರಿನ ಸ್ಟೇರಿಂಗ್ ಮುಟ್ಟಿ ನೋಡಿದ್ದೀರಲ್ಲ!

2012ರಲ್ಲಿ ತಯಾರಾದ ಸಿಟಿ, ಜಾಝ್‌ನಂಥ ಕಾರುಗಳನ್ನು ಹೋಂಡಾ 2017ರ ಜನವರಿಯಲ್ಲಿ ವಾಪಸ್ ಕರೆದಿತ್ತು. ನಿಮ್ಮದೂ ಅದರಲ್ಲಿದೆಯಾ ಅಂತ ಊಹೆ ಮಾಡಬೇಡಿ. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ. ಹಳೇ ಮಾಲೀಕರ ವಿಳಾಸಕ್ಕೆ ಪತ್ರ ಬಂದು, ಅವರು ಸುಮ್ನೆ ಬಿಟ್ಟಿರಬಹುದು. ನಾನು ಬಾಗಲಕೋಟೆಯಲ್ಲಿ ಕೊಂಡ ಹಳೇ ಕಾರಿನದೂ ಇದೇ ಕಥೆ. ನನಗೆ ಮಾರಿದವರು ಬಾಯಿ ಬಿಟ್ಟಿರಲೇ ಇಲ್ಲ.

ಕೆಲಸ ಬಾಕಿ ಇದ್ದರೆ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ, ರೀಕಾಲ್ ಕೆಲಸಕ್ಕೆ ದುಡ್ಡು ಕೊಡಬೇಕಿಲ್ಲ. ಮೊದಲೇ ಫೋನ್ ಮಾಡಿ ಬಿಡಿಭಾಗ ಇದೆಯಾ ಕೇಳಿಕೊಳ್ಳಿ. ಫ್ಯೂಸ್ ಕಿತ್ತರೆ ಸಾಕು ಅಂದ ಮೆಕ್ಯಾನಿಕ್ ಮಾತು ಮಾತ್ರ ಕೇಳಬೇಡ್ರೀ. ಆಗ ಏರ್‌ಬ್ಯಾಗೇ ಇಲ್ಲದಂತಾಗುತ್ತದೆ.