ಶಿರಸಿಯ ಮಳೆ, ಕುಮಟಾದ ಉಪ್ಪುನೀರು: ಐದು ಸಾವಿರದೊಳಗೆ ಯಾವ ಫಿಟ್‌ನೆಸ್ ಬ್ಯಾಂಡ್?

ನೀವು ಬರೆದದ್ದು ಇಷ್ಟು: ವಯಸ್ಸು 48, ಮನೆ ಶಿರಸಿ ಹತ್ತಿರ, ಬೆಳಗ್ಗೆ ಅರ್ಧ ಗಂಟೆ ನಡಿಗೆ, ಆಮೇಲೆ ಅಡಿಕೆ ತೋಟದ ಕೆಲಸ, ತಿಂಗಳಿಗೆ ಒಂದೆರಡು ಸಲ ಕುಮಟಾ ಕಡೆ ಇಳಿದಾಗ ಸಮುದ್ರದಲ್ಲಿ ಈಜು. ಬಿಪಿಗೆ ಮಾತ್ರೆ ನಡೆಯುತ್ತಿದೆ. ಐದು ಸಾವಿರದೊಳಗೆ, ಬಿಪಿಯನ್ನೂ ತೋರಿಸುವ ಬ್ಯಾಂಡ್ ಬೇಕು.

ಮೊದಲು ಆ ಬಿಪಿಯ ಆಸೆ ಬಿಡಿ. ಈ ಬೆಲೆಯ ಬ್ಯಾಂಡುಗಳಲ್ಲಿ ಬಿಪಿ ಅಂತ ಕಾಣುವ ಅಂಕಿ ಅಳತೆಯಲ್ಲ, ಚರ್ಮದ ಮೇಲೆ ಬೆಳಕು ಬಿಟ್ಟು ಹಿಡಿದ ನಾಡಿಯ ಅಲೆಯಿಂದ ಕಟ್ಟಿದ ಅಂದಾಜು. ಬಿಪಿ ಸೌಲಭ್ಯವಿರುವ ಸ್ಯಾಮ್‌ಸಂಗ್ ವಾಚುಗಳೂ ಪ್ರತಿ 28 ದಿನಕ್ಕೊಮ್ಮೆ ತೋಳಪಟ್ಟಿಯ ಯಂತ್ರದ ಅಳತೆಗೆ ಹೊಂದಿಸಿಕೊಳ್ಳಿ ಎನ್ನುತ್ತವೆ. ಅಂದಮೇಲೆ ಆ ಯಂತ್ರ ಹೇಗೂ ಬೇಕಾಯಿತಲ್ಲ! ನಾನಾದರೆ ನಿಮ್ಮ ಐದು ಸಾವಿರವನ್ನು ಎರಡು ಪಾಲು ಮಾಡುತ್ತೇನೆ: ಸುಮಾರು ಎರಡು ಸಾವಿರ ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರಕ್ಕೆ, ಉಳಿದದ್ದು ಬ್ಯಾಂಡಿಗೆ. ಚುಚ್ಚದೆ ಸಕ್ಕರೆ ಅಳೆಯುತ್ತದೆ ಎಂಬ ವಾಚು ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಅಂಥ ವಾಚು, ಉಂಗುರಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ.

ಹಾಗಾದರೆ ಬ್ಯಾಂಡ್ ಯಾತಕ್ಕೆ? ಎರಡು ಸಂಗತಿಯನ್ನು ಅದು ಚೆನ್ನಾಗಿ ಹೇಳುತ್ತದೆ: ವಿಶ್ರಾಂತಿಯಲ್ಲಿರುವಾಗಿನ ನಾಡಿ ವಾರದಿಂದ ವಾರಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ, ಮತ್ತು ದಿನಕ್ಕೆ ಎಷ್ಟು ನಿಮಿಷ ನಿಜಕ್ಕೂ ಬಿರುಸಾಗಿ ನಡೆದಿರಿ. ಹತ್ತು ಸಾವಿರ ಹೆಜ್ಜೆಯ ಲೆಕ್ಕ 1965ರ ಹೊತ್ತಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಹುಟ್ಟಿದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಿಮಿಷದ ಲೆಕ್ಕ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ. ಒಣ ಮರಳಿನಲ್ಲಿ ಕಾಲು ಹೂತು ನಡೆಯುವ ಸಾವಿರ ಹೆಜ್ಜೆಗೂ ಡಾಂಬರು ರಸ್ತೆಯ ಸಾವಿರ ಹೆಜ್ಜೆಗೂ ಇರುವ ವ್ಯತ್ಯಾಸ ಹೆಜ್ಜೆಯ ಅಂಕಿಯಲ್ಲಿ ಕಾಣದು, ನಾಡಿಯಲ್ಲಿ ಕಾಣುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ. ಬ್ಯಾಂಡುಗಳು ಸಾಮಾನ್ಯವಾಗಿ 220ರಿಂದ ವಯಸ್ಸು ಕಳೆದು ಗರಿಷ್ಠ ನಾಡಿ ಹಿಡಿಯುತ್ತವೆ. ನಿಮಗದು 172, ಅದರ ಶೇ. 50ರಿಂದ 70, ಅಂದರೆ ಸುಮಾರು 86ರಿಂದ 120, ಮಧ್ಯಮ ಬಿರುಸು. ನಿಮ್ಮ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯದಾದರೆ ಅದು ನಾಡಿಯನ್ನೇ ತಗ್ಗಿಸುತ್ತದೆ, ಈ ಲೆಕ್ಕ ತಪ್ಪುತ್ತದೆ. ಬೆವರು ಕಿತ್ತು ಬಂದರೂ ಬ್ಯಾಂಡ್ 'ಹಗುರ ವ್ಯಾಯಾಮ' ಅನ್ನಬಹುದು. ಮಾತ್ರೆಯ ಹೆಸರು ಹೇಳಿ ಡಾಕ್ಟರನ್ನು ಕೇಳಿ, ಅವರು ಕೊಟ್ಟ ಮಿತಿಯನ್ನು ಆ್ಯಪ್‌ನಲ್ಲಿ ಕೈಯಾರೆ ತುಂಬಿ. ಅಲ್ಲಿಯವರೆಗೆ ಹಳೆಯ ಅಳತೆ ಸಾಕು: ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಇನ್ನು ನೀರು. ನಮ್ಮ ಕಡೆ ಬ್ಯಾಂಡಿನ ಆಯುಷ್ಯ ತೀರ್ಮಾನವಾಗುವುದು ಇಲ್ಲೇ. ಡಬ್ಬಿಯ ಮೇಲೆ ದೂಳು-ನೀರು ತಡೆಯುವ ಗುರುತಾದ ಐಪಿ 68 ಮಾತ್ರ ಇದ್ದರೆ ಮಳೆಗೆ ಸಾಕು, ಈಜಿಗೆ ಸಾಲದು. ನಿಮಗೆ ಬೇಕಾದದ್ದು 5 ಎಟಿಎಂ ಎಂಬ, ನೀರಿನ ಒತ್ತಡ ತಡೆಯುವ ಗುರುತು. ಅದನ್ನು 50 ಮೀಟರ್ ಆಳ ಮುಳುಗಬಹುದು ಅಂತ ಓದಬೇಡಿ. ನಿಂತ ನೀರಿನಲ್ಲಿ ಅಷ್ಟು ಆಳದ ಒತ್ತಡ ತಡೆದಿದೆ ಎಂದಷ್ಟೇ ಅರ್ಥ. ದಡದ ಈಜಿಗೆ ಸರಿ, ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮುಳುಗಾಟಕ್ಕೆ ಹೋಗುವುದಾದರೆ ಬಿಚ್ಚಿಟ್ಟು ಹೋಗಿ. ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಹಿಂಬದಿಯಲ್ಲಿ ಚಾರ್ಜಿಗೆಂದು ಎರಡು ಪುಟ್ಟ ಲೋಹದ ಚುಕ್ಕಿಗಳಿರುತ್ತವಲ್ಲ, ಕೆಡುವುದು ಅವೇ ಮೊದಲು. ಉಪ್ಪು, ಬೆವರಿನ ತೇವ ಇರುವಾಗಲೇ ಚಾರ್ಜಿಗೆ ಹಾಕಿದರೆ ವಿದ್ಯುತ್ ಹರಿದು ಲೋಹ ತಿನ್ನುತ್ತ ಹೋಗುತ್ತದೆ, ಹಸಿರು-ಕಪ್ಪು ಕಲೆ ಕೂರುತ್ತದೆ, ಕೊನೆಗೆ ಚಾರ್ಜೇ ಆಗದು. ಒಣ ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಬಿಟ್ಟು ಹಾಕಿ. ಬಚ್ಚಲ ಹಂಡೆಯ ಸುಡುನೀರು, ಸೋಪು ಎರಡೂ ಒಳಗಿನ ರಬ್ಬರ್ ಅಂಚಿಗೆ ಶತ್ರು, ಸ್ನಾನಕ್ಕೆ ಬಿಚ್ಚಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನವೂ ಬಿಚ್ಚಿಡಿ, ಅದರಲ್ಲಿರುವ ಮೈಲುತುತ್ತ ಲೋಹವನ್ನು ತಿನ್ನುತ್ತದೆ. ಅದನ್ನು ಲೋಹದ ಪಾತ್ರೆಯಲ್ಲಿ ಯಾಕೆ ಕರಗಿಸುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಪಟ್ಟಿ ಸಿಲಿಕೋನಿನದೇ ಇರಲಿ. ಬಟ್ಟೆಯ ಪಟ್ಟಿ ನೋಡಲು ಚಂದ, ಆದರೆ ಆಷಾಢದಲ್ಲಿ ಒಣಗುವುದೇ ಇಲ್ಲ, ಕೈ ತುರಿಸಲು ಶುರುವಾಗುತ್ತದೆ. ಬಿಡಿ ಪಟ್ಟಿ ಸುಲಭವಾಗಿ ಸಿಗುವ ಮಾದರಿಯನ್ನೇ ಆರಿಸಿ. ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳು ಮೇಲೆ, ಅಲ್ಲಾಡದಷ್ಟು ಬಿಗಿಯಾಗಿ ಕಟ್ಟಿ. ಸಡಿಲವಿದ್ದರೆ ಹೊರಬೆಳಕು ನುಗ್ಗಿ ನಾಡಿಯ ಅಂಕಿ ಕುಣಿಯುತ್ತದೆ, ಕೆಲವೊಮ್ಮೆ ನಾಡಿಯ ಬದಲು ನಿಮ್ಮ ಹೆಜ್ಜೆಯ ಲಯವನ್ನೇ ನಾಡಿ ಅಂತ ಓದಿಬಿಡುತ್ತದೆ.

ಹೆಜ್ಜೆಯ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದೂ ತಿಳಿದಿರಲಿ. ಬ್ಯಾಂಡ್ ಎಣಿಸುವುದು ಕಾಲನ್ನಲ್ಲ, ಕೈಯ ತೂಗಾಟವನ್ನು. ಕೊಡೆ ಹಿಡಿದ ಕೈಯಲ್ಲಿದ್ದರೆ, ತಲೆಯ ಮೇಲಿನ ಹೆಡಿಗೆಗೆ ಕೈ ಕೊಟ್ಟಿದ್ದರೆ, ಕೈ ಹಿಂದೆ ಕಟ್ಟಿಕೊಂಡು ನಡೆದರೆ ಹೆಜ್ಜೆ ಕಳೆದುಹೋಗುತ್ತದೆ. ಕೂತು ಅಡಿಕೆ ಸುಲಿಯುವಾಗ ಉಲ್ಟಾ: ಕೈ ಒಂದೇ ಲಯದಲ್ಲಿ ಆಡುವುದರಿಂದ ಕೂತಲ್ಲೇ ಹೆಜ್ಜೆ ಏರಬಹುದು. ಹೊಂಡದ ರಸ್ತೆಯಲ್ಲಿ ಬೈಕೂ ಹಾಗೆಯೇ. ಮಳೆಗಾಲದಲ್ಲಿ ಕೊಡೆ ಹಿಡಿಯದ ಕೈಗೆ ಕಟ್ಟಿ, ಆ್ಯಪ್‌ನಲ್ಲಿ ಎಡವೋ ಬಲವೋ ಸರಿಪಡಿಸಿ. ಕ್ಯಾಲೊರಿ ಅಂಕಿ ನೋಡಲೇಬೇಡಿ; 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಸಾಧನ ಪರೀಕ್ಷಿಸಿದಾಗ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ಜಿಪಿಎಸ್‌ಗೆ ಹೆಚ್ಚಿನ ದುಡ್ಡು ಬೇಡ. ಒಳಗೇ ಜಿಪಿಎಸ್ ಇಲ್ಲದ ಬ್ಯಾಂಡ್ ಜೇಬಿನ ಫೋನಿನದನ್ನು ಬಳಸಿಕೊಳ್ಳುತ್ತದೆ, ಅದಕ್ಕೆ ಮೊಬೈಲ್ ನೆಟ್‌ವರ್ಕ್ ಇರಲೇಬೇಕೆಂದಿಲ್ಲ. ತೋಟದ ದಟ್ಟ ಸೋಗೆಯಡಿ, ದೇವಿಮನೆ ಘಟ್ಟದ ಕಾಡಿನಲ್ಲಿ ಯಾವ ಜಿಪಿಎಸ್ಸೂ ಅಡ್ಡಾದಿಡ್ಡಿ ಗೆರೆ ಎಳೆಯುತ್ತದೆ. ಬೆಳಗಿನ ನಡಿಗೆಗೆ ಹೆಜ್ಜೆಯಳತೆ ಸಾಕು: ಹೆದ್ದಾರಿಯ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ನಡೆದು ಹೆಜ್ಜೆ ಎಣಿಸಿ. 1400 ಬಂದರೆ ನಿಮ್ಮ ಹೆಜ್ಜೆ ಸುಮಾರು 71 ಸೆಂಟಿಮೀಟರ್. ಆ್ಯಪ್ ಕೇಳಿದರೆ ಅದನ್ನೇ ತುಂಬಿ.

ಬ್ಯಾಟರಿ 14 ದಿನ ಅಂತ ಬರೆದಿದ್ದರೆ, ನಾಡಿ ಸದಾ ನೋಡುವಂತೆ ಇಟ್ಟಾಗ ವಾರ ಬಂದರೆ ಸಮಾಧಾನಪಡಿ. ಪರದೆ ಸದಾ ಬೆಳಗುವ ಆಯ್ಕೆಯನ್ನು ಆಫ್ ಮಾಡಿಡಿ. ಗಾಳಿಮಳೆಗೆ ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ ದಿನಾ ಚಾರ್ಜ್ ಕೇಳುವ ಸ್ಮಾರ್ಟ್‌ವಾಚ್ ಕೊಂಡರೆ ಕಷ್ಟ ಮಾರಾಯ್ರೆ.

ಕೊಳ್ಳುವ ಮುಂಚೆ ಫೋನಿಗೆ ಹೊಂದುತ್ತದೆಯೇ ನೋಡಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಫಿಟ್ 3 ಐಫೋನಿಗೆ ಕೂಡದು, ಆ್ಯಪಲ್ ವಾಚ್ ಆಂಡ್ರಾಯ್ಡಿಗೆ ಕೂಡದು. ಅಂಗಡಿಯಲ್ಲೇ ಒಂದು ಕನ್ನಡ ಮೆಸೇಜ್ ತರಿಸಿ ನೋಡಿ, ಕೆಲವು ಬ್ಯಾಂಡುಗಳಲ್ಲಿ ಅಕ್ಷರದ ಬದಲು ಬರೀ ಚೌಕ ಬರುತ್ತವೆ, ಒತ್ತಕ್ಷರ ಬಿಡಿಬಿಡಿಯಾಗುತ್ತವೆ. ಹೊರಗೆ ಬಿಸಿಲಿಗೆ ತಂದು ಪರದೆ ಓದಿ. ಒದ್ದೆ ಬೆರಳಲ್ಲಿ ಒತ್ತಿ; ಪರದೆ ಕೇಳದಿದ್ದರೆ ಪಕ್ಕದಲ್ಲಿ ಗುಂಡಿ ಇರುವ ಮಾದರಿ ನೋಡಿ. ಐದು ನಿಮಿಷ ಸುಮ್ಮನೆ ಕೂತು ಇನ್ನೊಂದು ಕೈಯ ನಾಡಿಯನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಬ್ಯಾಂಡ್ ಐದಕ್ಕಿಂತ ಹೆಚ್ಚು ಆಚೀಚೆ ತೋರಿಸಿದರೆ ಬಿಗಿ ಮಾಡಿ ಮತ್ತೊಮ್ಮೆ ನೋಡಿ, ಆಗಲೂ ಹಾಗೇ ಇದ್ದರೆ ಬೇಡ. ಆನ್‌ಲೈನಿನಲ್ಲಿ ತರಿಸಿದರೆ ಇವನ್ನೆಲ್ಲ ವಾಪಸ್ ಕೊಡುವ ಗಡುವಿನೊಳಗೇ ಮುಗಿಸಿ.

ಮನೆಗೆ ತಂದು ಎರಡು ದಿನಕ್ಕೆ 'ಫೋನಿಗೆ ಲೆಕ್ಕ ಬರುತ್ತಿಲ್ಲ' ಅನ್ನಿಸಿದರೆ ಬ್ಯಾಂಡ್ ಕೆಟ್ಟಿಲ್ಲದಿರಬಹುದು. ಬ್ಯಾಟರಿ ಉಳಿಸಲು ಫೋನೇ ಆ ಆ್ಯಪ್‌ ಅನ್ನು ನಿಲ್ಲಿಸಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ವಿಭಾಗಕ್ಕೆ ಹೋಗಿ ನಿರ್ಬಂಧ ತೆಗೆದುಹಾಕಿ.