ನಿದ್ರೆಯಲ್ಲಿ ನಿಲ್ಲುವ ಉಸಿರು ಮತ್ತು ಮಾಜಿ ಸೈನಿಕರ ಪಿಂಚಣಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಯಜಮಾನರು ಭೂಸೇನೆಯಲ್ಲಿ ದುಡಿದು 2019ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಸೇವೆಯ ಕೊನೆಯ ವರ್ಷಗಳಲ್ಲಿಯೇ ಅವರಿಗೆ ಸ್ಲೀಪ್ ಅಪ್ನಿಯ ಇದೆಯೆಂದು ಸೇನಾ ಆಸ್ಪತ್ರೆಯವರು ಹೇಳಿದ್ದರು. ನಿವೃತ್ತಿಯ ಮೆಡಿಕಲ್ ಬೋರ್ಡ್ ಶೇ 30 ಅಂಗವೈಕಲ್ಯ ಎಂದು ಬರೆಯಿತಾದರೂ, ಅದು ಸೇವೆಯಿಂದ ಬಂದುದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಷರಾ ಹಾಕಿದ್ದರಿಂದ ಡಿಸೆಬಿಲಿಟಿ ಪೆನ್ಷನ್ ಬರಲಿಲ್ಲ. ರಾತ್ರಿ ಗೊರಕೆ ಹೊಡೆಯುತ್ತ ಒಮ್ಮೆಲೇ ಅವರ ಉಸಿರು ನಿಂತುಬಿಡುತ್ತದೆ. ನಾನು ಎದ್ದು ಕುಳಿತು ಭುಜ ಅಲುಗಿಸಬೇಕಾಗುತ್ತದೆ. ಈಚೆಗೆ ತೊಗರಿ ಮಾರಲು ಕಲಬುರಗಿಗೆ ಹೊರಟಾಗ ಟ್ರ್ಯಾಕ್ಟರ್ ಮೇಲೆಯೇ ತೂಕಡಿಸಿದರು. ಉಸಿರಾಟದ ಯಂತ್ರ ಬಳಸುವ ಮಾಜಿ ಸೈನಿಕರಿಗೆ ಅಮೆರಿಕದಲ್ಲಿ ಶೇ 50 ಕೊಡುತ್ತಾರೆಂದು ಮಗ ಮೊಬೈಲಿನಲ್ಲಿ ನೋಡಿ ಹೇಳಿದ್ದಾನೆ. ನಮಗೂ ಹಾಗೆ ಸಿಗುವುದೇ?
– ಓದುಗರು, ಆಳಂದ ತಾಲ್ಲೂಕು

ಉತ್ತರ: ತಾಯಿ, ಪಿಂಚಣಿಯ ಮಾತಿಗಿಂತ ಮೊದಲು ಒಂದು ವಿನಂತಿ. ಚಿಕಿತ್ಸೆ ಸರಿಹೋಗುವವರೆಗೆ ನಿಮ್ಮ ಯಜಮಾನರು ಟ್ರ್ಯಾಕ್ಟರ್ ಆಗಲಿ, ಮೋಟಾರ್ ಸೈಕಲ್ ಆಗಲಿ ನಡೆಸಬಾರದು. ನಿದ್ರೆಯಲ್ಲಿ ಗಂಟಲಿನ ಭಾಗ ಕುಸಿದು ಗಾಳಿಯ ದಾರಿ ಮುಚ್ಚಿಕೊಳ್ಳುವುದರಿಂದ ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ, ಆದುದರಿಂದ ರಾತ್ರಿಯಿಡೀ ಮಲಗಿದ್ದರೂ ಹಗಲಲ್ಲಿ ಕಣ್ಣು ತಾನಾಗಿ ಮುಚ್ಚುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಲ್ಲುವ ಅಥವಾ ತೀರ ಕುಗ್ಗುವ ಪ್ರಸಂಗಗಳು ಗಂಟೆಗೆ ಎಷ್ಟು ಎಂಬುದನ್ನು ನಿದ್ರಾ ಪರೀಕ್ಷೆ ಎಣಿಸುತ್ತದೆ; 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30ಕ್ಕೆ ಮೇಲ್ಪಟ್ಟರೆ ತೀವ್ರ. ಅಧಿಕ ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು ಇವುಗಳ ಜೊತೆ ಈ ಕಾಯಿಲೆಗೆ ನಂಟಿದೆ. ಚಿಕಿತ್ಸೆಗಾಗಿ ಪಿಂಚಣಿಯ ತೀರ್ಮಾನಕ್ಕೆ ಕಾಯಬೇಕಾಗಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಸದಸ್ಯತ್ವವಿದ್ದರೆ, ಕಾಯಿಲೆ ಸೇವೆಯಿಂದ ಬಂದುದೋ ಅಲ್ಲವೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ನಿಮ್ಮ ಮಗ ನೋಡಿದ ಮಾತು ಸುಳ್ಳಲ್ಲ, ಆದರೆ ಅದು ಆ ದೇಶದ ಕಾನೂನು. ಅಮೆರಿಕದ ಮಾಜಿ ಸೈನಿಕರ ಇಲಾಖೆ ಈ ಕಾಯಿಲೆಗೆ ಅಂಗವೈಕಲ್ಯದ ಶೇಕಡಾವಾರಾಗಿ 0, 30, 50, 100 ಎಂಬ ನಾಲ್ಕು ಮೆಟ್ಟಿಲು ಇಟ್ಟುಕೊಂಡು ಬಂದಿದೆ, ಉಸಿರಾಟದ ಯಂತ್ರ (ನಿದ್ರೆಯಲ್ಲಿ ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಸಿಪ್ಯಾಪ್‌ನಂಥದ್ದು) ಅಗತ್ಯವಾದವರನ್ನು ಶೇ 50ರ ಮೆಟ್ಟಿಲಿನಲ್ಲಿ ಇರಿಸಿದೆ. ಯಂತ್ರ ಬಳಸಿದ ಮಾತ್ರಕ್ಕೆ ಅಷ್ಟು ಕೊಡಬಾರದೆಂಬ ಪ್ರಸ್ತಾವವನ್ನು ಅದೇ ಇಲಾಖೆ 2022ರಲ್ಲಿ ಮುಂದಿಟ್ಟಿತು. ಅಲ್ಲಿಯೂ ಕಾಯಿಲೆಗೂ ಸೇವೆಗೂ ಇರುವ ಸಂಬಂಧವನ್ನು ಮೊದಲು ತೋರಿಸಲೇಬೇಕು, ಶೇಕಡಾವಾರಿನ ಮಾತು ಆಮೇಲಿನದು. ನಮ್ಮಲ್ಲಿ ಯಂತ್ರಕ್ಕೆಂದು ಪ್ರತ್ಯೇಕ ಶೇಕಡಾವಾರು ಇಲ್ಲ. ಬೋರ್ಡ್ ನಿರ್ಧರಿಸಿದ ಅಂಗವೈಕಲ್ಯ ಶೇ 20 ಅಥವಾ ಹೆಚ್ಚು ಇರಬೇಕು, ಅದು ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ನಿಮ್ಮ ಯಜಮಾನರಿಗೆ ಶೇ 30 ಸಿಕ್ಕಿರುವುದರಿಂದ ಮೊದಲ ಷರತ್ತು ದಾಟಿದಂತಾಯಿತು, ಉಳಿದಿರುವುದು ಎರಡನೆಯದು.

ಈ ಎರಡನೆಯ ಷರತ್ತಿನಲ್ಲಿಯೇ ಬಹಳ ಜನ ಸೋಲುತ್ತಾರೆ. ಬೋರ್ಡಿನವರು ಸಾಮಾನ್ಯವಾಗಿ ಬೊಜ್ಜು, ಜೀವನಶೈಲಿ, ಹುಟ್ಟಿನಿಂದ ಬಂದ ದೇಹರಚನೆ ಎಂದು ಬರೆದು ಮುಗಿಸುತ್ತಾರೆ. ತೂಕ, ದಪ್ಪ ಕುತ್ತಿಗೆ, ವಯಸ್ಸು ಇವು ಈ ಕಾಯಿಲೆಯ ಮುಖ್ಯ ಕಾರಣಗಳೆಂಬುದು ನಿಜ, ಅದನ್ನು ಅಲ್ಲಗಳೆಯಲು ಹೋದರೆ ಅರ್ಜಿಯೇ ದುರ್ಬಲವಾಗುತ್ತದೆ. ಆದರೆ ಸೇರುವಾಗ ಸಪೂರವಾಗಿದ್ದ ಮನುಷ್ಯನ ತೂಕ ಯಾವಾಗ, ಏಕೆ ಏರಿತು ಎಂದು ಕೇಳುವ ಹಕ್ಕು ನಮಗಿದೆ. ಸೇವೆಯಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದು ಓಟ ನಿಂತಿತ್ತೇ? ಮೂಗಿನ ಮೂಳೆ ಮುರಿದಿತ್ತೇ? ವರ್ಷಗಟ್ಟಲೆ ರಾತ್ರಿ ಪಹರೆಯಿಂದ ನಿದ್ರೆ ಕೆಟ್ಟಿತ್ತೇ? ಪ್ರತಿ ವರ್ಷದ ವೈದ್ಯಕೀಯ ತಪಾಸಣೆಯ ಹಾಳೆಗಳಲ್ಲಿ ತೂಕದ ಅಂಕಿ ಇರುತ್ತದೆ, ಅವನ್ನು ಪೋಸ್ಟಿಂಗ್ ಪಟ್ಟಿಯ ಪಕ್ಕ ಇಟ್ಟು ನೋಡಿದರೆ ಎಷ್ಟೋ ಸಂಗತಿ ತಾನಾಗಿ ಹೊರಬೀಳುತ್ತದೆ. ಲಡಾಖಿನಂಥ ಎತ್ತರದಲ್ಲಿ ಇದ್ದುದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅಲ್ಲಿ ನಿದ್ರೆಯಲ್ಲಿ ಉಸಿರು ಏರಿಳಿದು ನಿಲ್ಲುವುದುಂಟು, ಆದರೆ ಅದು ಬೇರೆ ಬಗೆಯದು, ಕೆಳಗಿಳಿದ ಮೇಲೆ ಸಾಮಾನ್ಯವಾಗಿ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ‘ಸೇವೆಯಿಂದ ಬಂದಿತು’ ಎಂದು ವಾದಿಸುವುದಕ್ಕಿಂತ ‘ಸೇವೆಯಿಂದ ಉಲ್ಬಣಿಸಿತು’ ಎಂದು ವಾದಿಸುವುದೇ ನಿಮಗೆ ಗಟ್ಟಿಯಾದ ನೆಲ.

ಕಾನೂನಿನ ಆಸರೆಯೂ ಇದೆ. ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದು ಇದು: ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಸೈನಿಕನು ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ಸೇರುವಾಗ ಅದನ್ನು ಪತ್ತೆಹಚ್ಚಲು ಸಾಧ್ಯವಿರಲಿಲ್ಲ ಎಂದು ಬೋರ್ಡ್ ಹೇಳುವುದಾದರೆ ಕಾರಣ ಬರೆಯಬೇಕು, ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕು. ಆದ್ದರಿಂದ ನಿಮ್ಮ ಯಜಮಾನರ ಬೋರ್ಡಿನ ಪತ್ರದಲ್ಲಿ ಷರಾದ ಕೆಳಗೆ ಕಾರಣ ಬರೆದಿದ್ದಾರೆಯೋ, ಬರೀ ಒಂದು ಸಾಲು ಇದೆಯೋ ಎಂಬುದನ್ನು ಮೊದಲು ನೋಡಿ. ಪತ್ರ ಕೈಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ, ಬೋರ್ಡಿನ ಪೂರ್ಣ ನಡಾವಳಿ, ಸೇರುವಾಗಿನ ವೈದ್ಯಕೀಯ ಹಾಳೆ, ವಾರ್ಷಿಕ ತಪಾಸಣೆಗಳು, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಇವುಗಳ ನಕಲು ಕೇಳಬೇಕು. 30 ದಿನಗಳಲ್ಲಿ ಉತ್ತರ ಕೊಡುವುದು ಅವರ ಕರ್ತವ್ಯ.

ನಿರಾಕರಣೆಯ ವಿರುದ್ಧ ಮೊದಲ ಮೇಲ್ಮನವಿಗೆ ಆರು ತಿಂಗಳ ಅವಧಿ ಇತ್ತು, ಅದು ನಿಮಗೆ ಮೀರಿದೆ. ಹಾಗೆಂದು ಕೈಚೆಲ್ಲಬೇಕಿಲ್ಲ. ಪಿಂಚಣಿ ತಿಂಗಳು ತಿಂಗಳು ಸಲ್ಲಬೇಕಾದ ಹಕ್ಕಾದುದರಿಂದ ವಿಳಂಬವೊಂದರಿಂದಲೇ ಬಾಗಿಲು ಮುಚ್ಚುವುದಿಲ್ಲ. ಆದರೆ ಹಳೆಯ ಬಾಕಿ ಸಾಮಾನ್ಯವಾಗಿ ಅರ್ಜಿಗಿಂತ ಹಿಂದಿನ ಮೂರು ವರ್ಷಕ್ಕೆ ಸೀಮಿತವಾಗುತ್ತದೆ. ಅಂದರೆ ನೀವು ತಡಮಾಡಿದ ಪ್ರತಿ ತಿಂಗಳ ಹಣವೂ ಕೈತಪ್ಪುತ್ತದೆ. ವಿಳಂಬಕ್ಕೆ ಕಾರಣ ಬರೆದು ಮೇಲ್ಮನವಿ ಹಾಕಿ, ಅದು ತಿರಸ್ಕೃತವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಿ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಕಾಗದ ಪತ್ರ ಜೋಡಿಸಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯವರ ನೆರವು ಕೇಳಿ.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಶೇ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಸಿಗುತ್ತದೆ, ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ ಶೇ 30 ಅಂಗವೈಕಲ್ಯಕ್ಕೆ ತಿಂಗಳಿಗೆ 3,600 ರೂಪಾಯಿ. ಆದರೆ ಶೇ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಎಣಿಸುವ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲುತ್ತದೆಂದು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆಗ ಅದು 6,000 ರೂಪಾಯಿ ಆಗುತ್ತದೆ, ಇದರ ಮೇಲೆ ತುಟ್ಟಿಭತ್ಯೆ ಬೇರೆ. ಅರ್ಜಿಯಲ್ಲಿ ಈ ಬೇಡಿಕೆಯನ್ನು ಸ್ಪಷ್ಟವಾಗಿ ಬರೆಯಿಸಿ.

ಪ್ರಶ್ನೆ: ನಾನು 2018ರಲ್ಲಿ ನಿವೃತ್ತನಾಗುವಾಗ ಯಾವ ಕಾಯಿಲೆಯೂ ದಾಖಲಾಗಿರಲಿಲ್ಲ. ಬ್ಯಾರಕಿನಲ್ಲಿ ನನ್ನ ಗೊರಕೆಗೆ ಜೊತೆಯವರು ದೂರ ಮಲಗುತ್ತಿದ್ದರು. 2022ರಲ್ಲಿ ಸ್ಲೀಪ್ ಅಪ್ನಿಯ ಎಂದು ತಿಳಿಯಿತು. ಈಗ ಕೇಳಬಹುದೇ?
– ಓದುಗರು, ಭಾಲ್ಕಿ

ಉತ್ತರ: ಕೇಳಬಹುದು. 2008ರ ಅರ್ಹತಾ ನಿಯಮಗಳು ನಿವೃತ್ತಿಯ ನಂತರ ಏಳು ವರ್ಷದೊಳಗೆ ಕಾಣಿಸಿಕೊಂಡ ಕಾಯಿಲೆಗೆ ಅವಕಾಶ ಕೊಟ್ಟಿವೆ, ಆದರೆ ಅದರ ಬೀಜ ಸೇವೆಯ ಪರಿಸ್ಥಿತಿಯಲ್ಲಿಯೇ ಬಿದ್ದಿತ್ತೆಂದು ಸೇನೆಯ ಸಕ್ಷಮ ವೈದ್ಯಾಧಿಕಾರಿ ಒಪ್ಪಬೇಕು. ನಿಮ್ಮ 2022ರ ಪತ್ತೆ ಆ ಅವಧಿಯೊಳಗಿದೆ. ಬ್ಯಾರಕಿನ ಸಂಗಡಿಗರಿಂದ ಲಿಖಿತ ಹೇಳಿಕೆ ಪಡೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಸೇವೆಯಲ್ಲಿದ್ದಾಗ ತಲೆನೋವು, ರಕ್ತದೊತ್ತಡ, ಹಗಲು ನಿದ್ರೆ ಎಂದು ಎಂ.ಐ. ರೂಮಿಗೆ (ಸೇನಾ ಘಟಕದ ವೈದ್ಯಕೀಯ ತಪಾಸಣಾ ಕೊಠಡಿಗೆ) ಹೋದ ದಾಖಲೆ ಒಂದಿದ್ದರೂ ಅದರ ತೂಕ ಹೆಚ್ಚು. ಅಂಥದ್ದೇನೂ ಇಲ್ಲದಿದ್ದರೆ ದಾರಿ ಕಠಿಣವಿದೆ ಎಂದು ಈಗಲೇ ತಿಳಿಸುವುದು ನನ್ನ ಕರ್ತವ್ಯ.

ಪ್ರಶ್ನೆ: ಯಂತ್ರ ಬಳಸಿ ಚೇತರಿಸಿಕೊಂಡರೆ ಪೆನ್ಷನ್ ಕೇಸು ಬಿದ್ದುಹೋಗುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ನಮ್ಮ ಕಡೆ ಕರೆಂಟೂ ಹೋಗುತ್ತಿರುತ್ತದೆ. ಬಳಸಲೋ ಬೇಡವೋ?
– ಓದುಗರು, ಶಹಾಪುರ

ಉತ್ತರ: ದಯವಿಟ್ಟು ಬಳಸಿ. ನಿಮ್ಮ ಪ್ರಕರಣದಲ್ಲಿ ಮುಖ್ಯವಾಗಿ ತೂಗುವುದು ಬಿಡುಗಡೆಯ ಹೊತ್ತಿನ ಬೋರ್ಡಿನ ತೀರ್ಮಾನ ಮತ್ತು ಸೇವಾ ದಾಖಲೆ. ಕೇಸಿಗಾಗಿ ಉಸಿರುಗಟ್ಟಿ ಮಲಗಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಕರೆಂಟಿಗಾಗಿ ಇನ್ವರ್ಟರ್‌ಗೆ ಜೋಡಿಸಿಕೊಳ್ಳಿ. ತೇವ ಕೊಡುವ ಡಬ್ಬಿಯ ಹೀಟರ್ ಆಫ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಆ ಡಬ್ಬಿಗೆ ಬೋರ್‌ವೆಲ್ ನೀರು ಹಾಕಿದರೆ ಬಿಳಿ ಪದರ ಕಟ್ಟುತ್ತದೆ, ಡಿಸ್ಟಿಲ್ಡ್ ನೀರನ್ನೇ ಹಾಕಿ. ಬೇಸಿಗೆಯ ಧೂಳಿನಲ್ಲಿ ಗಾಳಿ ಎಳೆಯುವ ಕಡೆಯ ಫಿಲ್ಟರನ್ನು ಆಗಾಗ ತೆಗೆದು ನೋಡುತ್ತಿರಿ. ಎಷ್ಟು ರಾತ್ರಿ, ಎಷ್ಟು ಗಂಟೆ ಬಳಸಿದಿರಿ ಎಂಬುದು ಯಂತ್ರದ ಕಾರ್ಡಿನಲ್ಲಿಯೇ ದಾಖಲಾಗುತ್ತದೆ. ತಪಾಸಣೆಗೆ ಹೋದಾಗ ಅದನ್ನು ವೈದ್ಯರಿಗೆ ತೋರಿಸಿ, ಒಂದು ಪ್ರತಿಯನ್ನು ಪಿಂಚಣಿಯ ಫೈಲಿನಲ್ಲಿಯೂ ಇಡಿ.