ಬೆಳಿಗ್ಗೆ ಸಿಹಿಯಾಗಿದ್ದ ನೀರಾ ಮಧ್ಯಾಹ್ನಕ್ಕೆ ಕದಡಿ ಹುಳಿಯಾಗುವುದೇಕೆ?

ಮದ್ದೂರಿನ ತೋಟದಿಂದ ಬಾಟಲಿಯಲ್ಲಿ ತಂದ ತೆಂಗಿನ ನೀರಾ ಮೈಸೂರಿನ ಮನೆ ಸೇರುವಷ್ಟರಲ್ಲಿ ಬೆಳ್ಳಗಾಗಿ ಹುಳಿ ವಾಸನೆ ಬರುತ್ತದೆ ಎಂದು ಕೇಳಿದ್ದೀರಿ. ಅದು ದಾರಿಯಲ್ಲೇ ಹುದುಗಿ ಹೆಂಡವಾಗತೊಡಗಿದೆ; ತಣ್ಣಗಿಡದೆ ತಂದದ್ದೇ ಇದಕ್ಕೆ ಕಾರಣ.

ಹೊಂಬಾಳೆಯಿಂದ ತೊಟ್ಟಿಕ್ಕುವ ರಸದಲ್ಲಿ ಸಕ್ಕರೆ ಹೇರಳವಾಗಿರುವುದರಿಂದ, ಗಾಳಿಯಿಂದಲೂ ಮಡಕೆಯ ಗೋಡೆಯಿಂದಲೂ ಅದನ್ನು ಸೇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಬಿಸಿಲಿನ ಕಾವಿನಲ್ಲಿ ಬಹುಬೇಗ ಹೆಚ್ಚಿ, ಆ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಮಾರ್ಪಡಿಸುತ್ತವೆ. ಮುಚ್ಚಳ ತೆರೆದಾಗ ಕೇಳುವ 'ಬುಸ್' ಎಂಬ ಸದ್ದು ಈ ಅನಿಲದ್ದೇ. ಜೊತೆಗೆ ಬೆಳೆಯುವ ಬ್ಯಾಕ್ಟೀರಿಯಾಗಳು ಆಮ್ಲಗಳನ್ನು ಉಂಟುಮಾಡುವುದರಿಂದ ಹುಳಿ ಬರುತ್ತದೆ. ಲೋಟವನ್ನು ಬೆಳಕಿಗೆ ಹಿಡಿದಾಗ ಕಾಣುವ ಹಾಲಿನಂಥ ಮಬ್ಬು ಬಹುಪಾಲು ಈ ಜೀವಿಗಳ ರಾಶಿಯೇ ಆಗಿದ್ದು, ಅವು ಬಟ್ಟೆಯ ಕಣ್ಣುಗಳಿಗಿಂತ ಎಷ್ಟೋ ಚಿಕ್ಕವಾದ್ದರಿಂದ ಸೋಸಿ ಪ್ರಯೋಜನವಿಲ್ಲ. ಕುದಿಸಿದರೆ ಅವು ಸಾಯುತ್ತವೆ, ಆದರೆ ಕಳೆದುಹೋದ ಸಿಹಿ ಮರಳುವುದಿಲ್ಲ.

ಮಡಕೆಯ ಒಳಗೆ ಸುಣ್ಣ ಬಳಿಯುವ ಹಳೆಯ ಪದ್ಧತಿ ಈ ಜೀವಿಗಳನ್ನು ತಡೆಯುವುದಕ್ಕಾಗಿಯೇ ಬಂದದ್ದು, ಆದರೆ ಸುಣ್ಣದ ರುಚಿ ರಸದಲ್ಲಿ ಉಳಿಯುತ್ತದೆ. ನನ್ನ ಮಟ್ಟಿಗೆ ತಂಪೇ ಉತ್ತಮ ಉಪಾಯ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ, ಮರದ ಮೇಲೆಯೇ ಐಸ್ ತುಂಬಿ ಕಟ್ಟುವ ಪೆಟ್ಟಿಗೆಯಲ್ಲಿ ಇಳಿದ ರಸವು ಹೊಂಬಣ್ಣದ್ದಾಗಿದ್ದು, ಅದರಲ್ಲಿ ಹುಳಿ ವಾಸನೆ ಇರುವುದಿಲ್ಲ. ನೀವು ಅಂಥ ರಸವನ್ನೇ ಕೇಳಿ ಪಡೆದು, ಕುದಿನೀರಿನಲ್ಲಿ ತೊಳೆದ ಸ್ಟೀಲ್ ಕ್ಯಾನಿಗೆ ತುಂಬಿಸಿ, ಸುತ್ತಲೂ ಐಸ್ ಇಟ್ಟು ತಂದು, ಅದೇ ದಿನ ಕುಡಿಯಿರಿ. ಹುದುಗಿದ್ದನ್ನು ಮಕ್ಕಳಿಗೆ ಖಂಡಿತ ಕೊಡಬೇಡಿ.